ಹನ್ನೆರಡು ಸಾವಿರದ ಒಳಗೆ

ಮಲ್ಪೆಯ ಐಸ್ ಪ್ಲಾಂಟಿನಲ್ಲಿ ಇಪ್ಪತ್ತಾರು ವರ್ಷ
ಕಂಪ್ರೆಸರಿನ ಪಕ್ಕ ನಿಂತ ಕಿವಿ ಇದು.
ಇದನ್ನು ಕಟ್ಟಿಕೊಂಡು ಸಿಡಿ ಪ್ಲೇಯರು ಆರಿಸಲು ಹೊರಟೆ ಅಂದರೆ
ನೀವೂ ನಗಬಹುದು, ಕಿಣಿಯವರು ನಕ್ಕರು.

ಆಂಪ್ಲಿಫೈಯರು ಮನೆಯಲ್ಲಿ ಉಂಟು, ಮಸ್ಕತ್ತಿನಿಂದ ಬಂದದ್ದು.
ಸ್ಪೀಕರಿನ ಪೆಟ್ಟಿಗೆ ಕಲ್ಯಾಣಪುರದ ಆಚಾರಿ ಮಾಡಿದ್ದು,
ದೋಣಿಗೆ ತಂದು ಉಳಿದ ಹೆಬ್ಬಲಸಿನ ಹಲಗೆಯಲ್ಲಿ.
ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿಯಿತು,
ಉಪ್ಪುಗಾಳಿಗೆ ರೀಲು ರೀಲಿಗೇ ಅಂಟಿತು.
ಇನ್ನು ಬೇಕಾದ್ದು ಒಂದೇ ಡಬ್ಬ, ಹನ್ನೆರಡು ಸಾವಿರದ ಒಳಗೆ.
ಬೋನಸ್ಸು ಹದಿಮೂರು; ಒಂದು ಸಾವಿರ ಜಲಜಳ ಚೀಟಿಗೆ.

ಕೋರ್ಟು ರಸ್ತೆಯ ಮಹಡಿ ಅಂಗಡಿ. ಚಪ್ಪಲಿ ಹೊರಗೆ.
ಮೂರು ಹಲಗೆಯಲ್ಲಿ ಮೂರು ಪ್ಲೇಯರು,
ಮದುವೆಗೆ ಬಂದ ಮೂರು ತರದ ನೆಂಟರ ಹಾಗೆ:
ಆರು ಸಾವಿರದ್ದು ಮೊದಲ ಪಂಕ್ತಿಯಲ್ಲೇ ಕೂತಾಗಿತ್ತು,
ಮೂವತ್ತರದ್ದು ಯಾರ ಮುಖವನ್ನೂ ನೋಡುವುದಿಲ್ಲ,
ನಡುವಿನದು, ಹನ್ನೊಂದು ಚಿಲ್ಲರೆಯದ್ದು,
ಎಲ್ಲಿ ಕೂರಲಿ ಎಂದು ನಿಂತೇ ಇತ್ತು.

ಕಿಣಿಯವರು ಹೇಳುವುದೆಲ್ಲ ಹೇಳಿದರು: ಲೇಸರು, ಚಿಪ್ಪು, ಟ್ರೇಯ ಮೋಟರು,
ವೋಲ್ಟೇಜು ಬಿದ್ದರೆ ಯಾವುದು ತಡೆದೀತು.
ಜಲಜ ಕೇಳಿದ್ದು ಎರಡೇ: ಧೂಳು ಒಳಗೆ ಹೋಗ್ತದಾ,
ರಿಮೋಟಿನ ಸೆಲ್ಲು ನೀವೇ ಕೊಡ್ತೀರಾ.

ಪೇಪರು ಸುತ್ತಿದ ನಮ್ಮದೇ ಡಿಸ್ಕು ಚೀಲದಿಂದ ತೆಗೆದೆ.
ಮಾರ್ಕರಿನ ತಾರೀಕು ಅರ್ಧ ಅಳಿಸಿದೆ.
ಭಜನಾ ಮಂದಿರದ ತಾಳಮದ್ದಳೆ.
ನಿಮ್ಮ ಡೆಮೊ ಡಿಸ್ಕಿನ ಪಿಯಾನೋ ಬೇಡ ಮಾರಾಯ್ರೆ,
ಅದು ಎಲ್ಲದರಲ್ಲೂ ಚಂದವೇ.
ಇದು ಹಾಕಿ. ನಾಲ್ಕನೆಯದು.

ಅಲ್ಲಿ ಅರ್ಥಧಾರಿ ಮಾತಿನ ನಡುವೆ ನಿಲ್ಲಿಸಿ
ನೀರಿನ ಲೋಟ ಎತ್ತುತ್ತಾರೆ.
ಆ ಬಿಡುವಿನಲ್ಲಿ ದೂಮಣ್ಣ ಕೆಮ್ಮುತ್ತಾನೆ.
ಜಲಜಳ ಅಣ್ಣ. ಬೋಟಿನ ತಾಂಡೇಲ.
ಫೋಟೋ ಎರಡು ಉಂಟು. ಸ್ವರ ಅಂತ ಉಳಿದದ್ದು ಇಷ್ಟು.

ಆರು ಸಾವಿರದ್ದರಲ್ಲಿ
ಡಿಸ್ಕಿಗೆ ಗೀರು ಬಿದ್ದಂತೆ ಕೇಳಿತು.

ನಡುವಿನದರಲ್ಲಿ
ಎಡಗಡೆಯಿಂದ ಬಂತು, ಮೂರನೇ ಸಾಲು, ಕಿಟಕಿಯ ಬದಿ.
ಮತ್ತೆ ಕುರ್ಚಿ ಜರುಗಿತು.
ಕೂತಿದ್ದಾನೆ. ಅಲ್ಲೇ ಕೂತಿದ್ದಾನೆ ಪುಣ್ಯಾತ್ಮ.

ಕೊಳ್ಳುವುದಕ್ಕಲ್ಲ, ಸುಮ್ಮನೆ ಕೇಳಿ ಅಂತ
ಮೂವತ್ತರದ್ದಕ್ಕೂ ಹಾಕಿದರು ಕಿಣಿ.
ನನಗೇನೂ ಬೇರೆ ಅನಿಸಲಿಲ್ಲ,
ಹದಿನೆಂಟು ಸಾವಿರದ ವ್ಯತ್ಯಾಸವನ್ನು
ಕಂಪ್ರೆಸರು ಯಾವತ್ತೋ ತಿಂದಾಗಿತ್ತು.
ಆದರೆ ಜಲಜ ಎದ್ದಳು,
ಬಾಗಿಲಿಗೆ ಹೋಗಿ ಚಪ್ಪಲಿ ಹುಡುಕಿದಳು,
ಕಣ್ಣೆದುರೇ ಇದ್ದ ಚಪ್ಪಲಿ.
ನಡುವಿನದೇ ಕಟ್ಟಿಕೊಡಿ ಅಂದೆ. ನೂರು ಬಿಟ್ಟರು.

ಸಿಟಿ ಬಸ್ಸಿನಲ್ಲಿ ಪೆಟ್ಟಿಗೆ ನನ್ನ ತೊಡೆಯ ಮೇಲೆ.
ಆದಿ ಉಡುಪಿ ದಾಟಿದ ಮೇಲೆ ಬಾಯಿಬಿಟ್ಟಳು:
"ಕೆಮ್ಮಿದ ಮೇಲೆ ಉಸಿರು ಎಳೀತಾನೆ.
ಅದರಲ್ಲಿ ಒಂದು ಸಿಳ್ಳು ಉಂಟು, ಸಪೂರ.
ಆವತ್ತು ನಾನು ಅವನ ಹಿಂದೆಯೇ ಕೂತಿದ್ದೆ."
ಕಂಡಕ್ಟರು ಬಂದು ಪೆಟ್ಟಿಗೆಗೂ ಟಿಕೇಟು ಕೇಳಿದ.
ನಾನು ಅವನೊಡನೆ ಜಗಳಕ್ಕೆ ನಿಂತೆ,
ಐದು ರೂಪಾಯಿಗೆ, ಕೊಡವೂರು ಬರುವವರೆಗೆ.

ಈಗ ಅದು ಕಪಾಟಿನ ಮೇಲೆ, ಅವಳು ಹೊಲಿದ ಮುಸುಕಿನಲ್ಲಿ.
ತೊಂದರೆ ಇಲ್ಲ, ಹಾಡುತ್ತದೆ.
ಚಕ್ರತಾಳ ತುಸು ಒರಟು ಅನ್ನುತ್ತಾರೆ ಕಿವಿ ಇದ್ದವರು.
ನಾಲ್ಕನೆಯದು ಬಂದರೆ ಜಲಜ ಎದ್ದು ಹೋಗುವುದಿಲ್ಲ,
ಬೆಳ್ಳುಳ್ಳಿ ಸುಲಿಯುತ್ತ ಕೂರುತ್ತಾಳೆ.
ಅಣ್ಣ ಕೆಮ್ಮುತ್ತಾನೆ, ಕುರ್ಚಿ ಜರುಗುತ್ತದೆ, ಪದ ಮುಂದೆ ಹೋಗುತ್ತದೆ.

ಅವಳು ಸಂಘದ ಮೀಟಿಂಗಿಗೆ ಹೋದ ಸಂಜೆ ಮಾತ್ರ
ನಾನು ವಾಲ್ಯೂಮು ಏರಿಸಿ
ಹೆಬ್ಬಲಸಿಗೆ ಕೆನ್ನೆ ಒತ್ತಿ ಹುಡುಕುತ್ತೇನೆ ಆ ಸಿಳ್ಳು.
ನೀರು ಗಂಟಲಿಳಿಯುವುದು ಕೇಳುತ್ತದೆ,
ಲೋಟ ಕೆಳಗಿಟ್ಟದ್ದೂ.